ಹದಿನಾಲ್ಕು ತೇಪೆಯ ಕೊಡೆ

ಬೇರೆ ಕಡೆಗಳಲ್ಲಿ ಸಾಯುವ ಕಾಲ ಬಂದವರು ಉಯಿಲು ಬರೆಯುತ್ತಾರೆ. ಕೋತಗಿರಿ ಬೆಟ್ಟದ ಆ ಹೈಸ್ಕೂಲಿನಲ್ಲಿ ಮಾತ್ರ ಮೀಸೆ ಸರಿಯಾಗಿ ಮೂಡದ ಹುಡುಗರು ಬರೆಯುತ್ತಿದ್ದರು. ಹನ್ನೊಂದನೇ ಕ್ಲಾಸಿನವರು ದೊಡ್ಡ ಪರೀಕ್ಷೆಗೆ ಕೂರುವ ಮುಂಚೆ, ಮಾರ್ಚ್ ತಿಂಗಳ ಮೊದಲ ಶುಕ್ರವಾರ, ತಮ್ಮ ಆಸ್ತಿಯನ್ನೆಲ್ಲ ಕೆಳಗಿನ ಕ್ಲಾಸಿನವರಿಗೆ ಹಂಚಿ ಹೋಗಬೇಕು. ಎಂಥ ಆಸ್ತಿ? ಒಬ್ಬ, ಚಡ್ಡಿ ಹರಿಯುವ ಮೊಳೆಯಿದ್ದ ಬೆಂಚಿನ ತುದಿಯನ್ನು ಬಿಟ್ಟುಹೋಗಿದ್ದ. ಇನ್ನೊಬ್ಬ, ಚರಿತ್ರೆಯ ಪಾಠದಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನು. ಕೀಳ್ ಕೋತಗಿರಿಯ ಕಡೆಯ ಹಿರಿಯ ಎಂಬ ಹುಡುಗ, ‘ಮಂಜಿನಲ್ಲಿ ಸ್ಕೂಲೇ ಕಾಣಲಿಲ್ಲ ಸಾರ್, ಸ್ವಲ್ಪ ಹೊತ್ತು ತಡವಿ ನೋಡಿ ಮನೆಗೆ ಹೋದೆ’ ಎಂಬ ನೆಪವನ್ನು ಬಿಟ್ಟುಹೋಗಿ ಐದು ವರ್ಷವಾಗಿತ್ತು. ಆ ನೆಪ ಕೈಯಿಂದ ಕೈಗೆ ದಾಟಿ ಇನ್ನೂ ಬಳಕೆಯಲ್ಲಿತ್ತು.

ಆಟವೇ ಆದರೂ ಕಟ್ಟಳೆ ಬಿಗಿಯಾಗಿತ್ತು. ಉಯಿಲಿನಲ್ಲಿ ಹೆಸರು ಬಂದವರು ಎದ್ದು ಬಂದು ಎಲ್ಲರ ಎದುರಿಗೆ ‘ಪಡೆದೆ’ ಅನ್ನಬೇಕು. ಪಡೆದದ್ದನ್ನು ಹನ್ನೊಂದು ಮುಗಿಸುವ ತನಕ ಕಾಪಾಡಿ, ಅದೇ ಮೇಜಿನ ಹಿಂದೆ ನಿಂತು ಮತ್ತೊಬ್ಬರಿಗೆ ದಾಟಿಸಬೇಕು. ಈ ಕಟ್ಟಳೆಯನ್ನು ಕಾಯುವವರು ಚರಿತ್ರೆಯ ಮೇಷ್ಟ್ರು ರಂಗನಾಥನ್. ಎಲ್ಲವನ್ನೂ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ ಎನ್ನುತ್ತಿದ್ದರು. ಆ ನೋಟ್‌ಬುಕ್ಕನ್ನು ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ.

ಅರವತ್ತೊಂದನೇ ಇಸವಿಯಲ್ಲಿ ಹನ್ನೊಂದನೇ ಕ್ಲಾಸಿನಲ್ಲಿ ಇಪ್ಪತ್ತೆರಡು ಹುಡುಗರಿದ್ದರು, ಒಬ್ಬಳು ಹುಡುಗಿ ಇದ್ದಳು. ಅವಳು ಮಹಾಲಿಂಗಮ್ಮ, ಕೂಕಲ್ತೊರೈ ಆಚೆಯ ಒಂದು ಹಟ್ಟಿಯವಳು. ಮೂವತ್ತು ಮನೆಗಳ ಆ ಹಟ್ಟಿಯಿಂದ ಅಷ್ಟು ದೂರ ಓದಿ ಬಂದ ಹೆಣ್ಣು ಅವಳೇ ಮೊದಲು. ಆ ಸ್ಕೂಲಿನಲ್ಲೂ ಉಯಿಲಿನ ಹೊತ್ತಿಗೆ ಉಳಿದುಕೊಂಡ ಹುಡುಗಿ ಅವಳೇ ಮೊದಲು. ಹೀಗಾಗಿ ಅವಳ ಆಸ್ತಿಯನ್ನು ಏನು ಮಾಡಬೇಕು ಎಂಬುದೇ ಕ್ಲಾಸ್ ಲೀಡರ್ ದೇವನಿಗೆ ಒಂದು ತಲೆನೋವಾಗಿತ್ತು. ದೇವನ ಅಣ್ಣ ಕುಂದಾದ ಅಣೆಕಟ್ಟಿನ ಕೆಲಸದಲ್ಲಿದ್ದ. ಅಲ್ಲಿಂದ ಅವನು ಕಳಿಸಿದ ಫೌಂಟನ್ ಪೆನ್ನು ಜೇಬಿನಲ್ಲಿದ್ದ ಕಾರಣಕ್ಕೇ ಉಯಿಲು ಬರೆಯುವ ಹೊಣೆ ದೇವನ ಪಾಲಿಗೆ ಬಂದಿತ್ತು. ಅವನು ಹುಡುಗರೊಂದಿಗೆ ಕೂತು ಯೋಚಿಸಿ, ಅವಳ ಹೆಸರಿನ ಮುಂದೆ ಒಂದು ಸಾಲು ಬರೆದು ತಂದು ತೋರಿಸಿದ. ‘ಆರು ವರ್ಷ ಬಾಯಿ ತೆರೆಯದೆ ಕೂತಿರುವ ನನ್ನ ವಿದ್ಯೆಯನ್ನು ಹತ್ತನೇ ಕ್ಲಾಸಿನ ನಂಜಿಗೆ ಬಿಟ್ಟುಹೋಗುತ್ತೇನೆ.’

ಓದಿದಾಗ ಮಹಾಲಿಂಗಮ್ಮನಿಗೂ ನಗು ಬಂತು. ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ ಆ ಸಾಲು ಕಾಲಿಗೆ ನಟ್ಟ ಮುಳ್ಳಿನ ಹಾಗೆ ನೋಯತೊಡಗಿತು. ಆರನೇ ಕ್ಲಾಸಿಗೆ ಬಂದ ಮೊದಲ ವಾರ ಒಂದು ಪ್ರಶ್ನೆಗೆ ಗೊತ್ತಿರುವ ಉತ್ತರವನ್ನೇ ಎದ್ದು ನಿಂತು ಹೇಳಿದ್ದಳು. ಆತುರದಲ್ಲಿ ತಮಿಳು ಮರೆತು ಮನೆಯ ಬಡಗ ಮಾತು ಬಾಯಿಗೆ ಬಂದಿತ್ತು. ಇಡೀ ಕ್ಲಾಸು ನಕ್ಕಿತ್ತು. ಅವಳ ಹಾಗೆಯೇ ಮನೆಯಲ್ಲಿ ಅದೇ ಮಾತಾಡುವ ಹುಡುಗರೂ ನಕ್ಕಿದ್ದರು. ಆಮೇಲೆ ಅವಳು ಉತ್ತರಗಳನ್ನು ಕಾಗದಕ್ಕಷ್ಟೇ ಹೇಳಿದಳು. ಕಾಗದ ಅವಳಿಗೆ ಒಳ್ಳೆಯ ಮಾರ್ಕು ಕೊಟ್ಟಿತು. ಆದರೆ ಬಿಟ್ಟುಹೋಗುವ ಆಸ್ತಿ ಈ ಮೌನವೊಂದೇ ಅಂದರೆ ಅದನ್ನು ಪಡೆದವಳು ಏನಾದಾಳು?

ಸಂಜೆ ಗಂಟೆ ಹೊಡೆದ ಮೇಲೆ ದೇವನ ಹತ್ತಿರ ಹೋಗಿ, ಎನ್ನ ಉಯಿಲನ್ನು ನಾನೇ ಬರೆದುಕೊಳ್ಳುವೆ ಎಂದಳು. ಆರು ವರ್ಷದಲ್ಲಿ ಅವಳು ತಾನಾಗಿ ಅವನೊಡನೆ ಆಡಿದ ಮೊದಲ ಮಾತು ಅದೇ ಇರಬೇಕು. ಅವನು ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಆಯಿತು ಅಂದ.

ಸ್ಕೂಲಿನಿಂದ ಹಟ್ಟಿಗೆ ನಾಲ್ಕು ಮೈಲಿ. ಎಸ್ಟೇಟಿನ ರಸ್ತೆ ಒಂದೂವರೆ ಮೈಲಿ, ಆಮೇಲೆ ಕಾಡಿನ ಅಂಚು, ಹಳ್ಳ, ಮತ್ತೆ ಟೀ ಗಿಡಗಳ ನಡುವಿನ ಏರು. ಮೊದಲ ವರ್ಷವೆಲ್ಲ ಅವಳ ತಂದೆ ಮುಂದೆ ನಡೆದಿದ್ದರು. ಎರಡನೇ ವರ್ಷದಿಂದ ಅವಳ ಹಿಂದೆ ನಂಜಿ ನಡೆಯತೊಡಗಿದಳು. ನಂಜಿ ಅದೇ ಹಟ್ಟಿಯ ನಂಜಪ್ಪನ ಮಗಳು, ವರಸೆಯಲ್ಲಿ ತಂಗಿ, ಒಂದು ಕ್ಲಾಸು ಕೆಳಗೆ. ಇಬ್ಬರ ತಲೆಯ ಮೇಲೂ ಒಂದೇ ಕೊಡೆ. ಅದು ಮಹಾಲಿಂಗಮ್ಮನ ಅಜ್ಜನದು, ಗಂಡಸರ ದೊಡ್ಡ ಕರಿಯ ಕೊಡೆ. ಹಿಡಿಯಲ್ಲಿ ಬಿರುಕು, ಬಟ್ಟೆಯಲ್ಲಿ ಹದಿನಾಲ್ಕು ತೇಪೆ. ಒಂದು ತೇಪೆ ಹಳೆಯ ರವಿಕೆಯದು, ಒಂದು ಗೋಣಿಯದು, ಒಂದು ಯಾರೋ ಕೊಟ್ಟ ಪರದೆಯ ಹೂವಿನ ಬಟ್ಟೆಯದು. ಆ ಹೂವು ನಂಜಿಯ ತಲೆಯ ಮೇಲೆಯೇ ಬರುತ್ತಿತ್ತು.

ಆ ಸಂಜೆ ಹಳ್ಳ ದಾಟುವಾಗ ನಂಜಿ ಹಿಂದಿನಿಂದ ಹೇಳಿದಳು. ಶುಕ್ರವಾರದ ಉಯಿಲಿನ ಕೂಟಕ್ಕೆ ಹಟ್ಟಿಯ ಹಿರಿಯರೊಂದಿಗೆ ಅಪ್ಪನೂ ಬರುತ್ತಾರೆ. ಟಿ.ಸಿ. ಕೇಳುವ ಅರ್ಜಿ ಬರೆಸಿ ಇಟ್ಟಿದ್ದಾರೆ. ಹತ್ತನೆಯದರ ಪರೀಕ್ಷೆ ಮುಗಿದರೆ ಸಾಕಂತೆ.

ಮಹಾಲಿಂಗಮ್ಮ ನಿಂತುಬಿಟ್ಟಳು. ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದಳು.

“ಇನ್ನು ನೀ ಬರುವುದು ಇಲ್ಲೆ ಅಲ್ಲವಾ ಅಕ್ಕ. ಜೊತೆ ಇಲ್ಲದೆ ವಯಸ್ಸಿನ ಕೂಸು ಕಾಡಿನ ಅಂಚಿನಲ್ಲಿ ಹೇಗೆ ನಡೆಯುವಾಳು ಅಂಬರು,” ಎಂದಳು ನಂಜಿ. ಅಳಲಿಲ್ಲ. ಕೊಡೆಯ ಹೂವನ್ನೇ ನೋಡುತ್ತಿದ್ದಳು.

ನಂಜಪ್ಪ ಕೆಟ್ಟವರಾಗಿದ್ದರೆ ಸುಲಭವಿತ್ತು ಎಂದು ಮಹಾಲಿಂಗಮ್ಮನಿಗೆ ಅನ್ನಿಸಿತು. ಅವರು ಕೆಟ್ಟವರಲ್ಲ. ಮಗಳ ಮೊದಲ ಸ್ಲೇಟನ್ನು ತಮ್ಮ ಹೊದಿಕೆಯಲ್ಲಿ ಸುತ್ತಿಕೊಂಡು ಮಳೆಯಲ್ಲಿ ತಂದವರು. ಅವರ ಹೆದರಿಕೆಯಲ್ಲಿ ಸುಳ್ಳಿರಲಿಲ್ಲ. ಕಳೆದ ವರ್ಷ ಇದೇ ಹಳ್ಳದ ಹತ್ತಿರ ಕಾಟಿ, ಆಳೆತ್ತರದ ಕಾಡುಕೋಣ, ಅಡ್ಡ ನಿಂತಾಗ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಅರ್ಧ ಗಂಟೆ ಕಲ್ಲಾಗಿದ್ದರು. ಒಬ್ಬಳೇ ಇದ್ದಿದ್ದರೆ? ಹೀಗೆ ಯೋಚಿಸಿದಷ್ಟೂ ಅವಳಿಗೆ ತನ್ನ ಗೆಲುವೇ ಹುಳಿಯಾಯಿತು. ತಾನು ಮುಗಿಸಿದ್ದರಿಂದಲೇ ಇವಳಿಗೆ ಮುಗಿಸಲು ಆಗುತ್ತಿಲ್ಲ. ದಾರಿ ತೋರಿಸಿದವಳೇ ಹೋಗುವಾಗ ದಾರಿಯನ್ನೂ ಸುತ್ತಿಕೊಂಡು ಹೊರಟ ಹಾಗೆ.

ಮನೆಗೆ ಬಂದಾಗ ಹೆತ್ತೆ ಒಲೆಯ ಮುಂದೆ ಬೂದಿಯಲ್ಲಿ ಉರುಳಗಡ್ಡೆ ಹೂಳುತ್ತಿದ್ದಳು. ಹೆತ್ತೆ ಅಂದರೆ ಅಜ್ಜಿ, ಹೆಸರು ಕರಿಯಮ್ಮ. ಹಟ್ಟಿಯ ಎಲ್ಲ ಗಂಡಸರನ್ನೂ ಅವರು ಮಕ್ಕಳಾಗಿದ್ದಾಗಿನಿಂದ ಬಲ್ಲವಳು. ಮೊಮ್ಮಗಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು. ನಂಜಪ್ಪ ದೊಡ್ಡಪ್ಪನಿಗೆ ನಾನೇ ಹೋಗಿ ಹೇಳಲೇ ಎಂದು ಮಹಾಲಿಂಗಮ್ಮ ಕೇಳಿದಾಗ, ಗಡ್ಡೆಯ ಮೇಲಿನ ಬೂದಿ ಊದುತ್ತಾ ತಲೆ ಅಲ್ಲಾಡಿಸಿದಳು.

“ನಂಜಪ್ಪನ ಬಾಯಿ ಎಲ್ಲದಕ್ಕೂ ಇಲ್ಲೆ ಅಂಬದು, ಅದು ಅವನ ಬಾಯಿಯ ಗುಣ. ಅವನ ಕೈ ಇಲ್ಲೆ ಅಂದದ್ದನ್ನು ಮಾತ್ರ ನಾ ಕಾಣೆ.”

ಆಮೇಲೆ ಹಳೆಯ ಕತೆಯೊಂದನ್ನು ಹೇಳಿದಳು. ನಂಜಪ್ಪ ತಮ್ಮನ ಮನೆಯೊಂದಿಗೆ ಎರಡು ವರ್ಷ ಮಾತು ಬಿಟ್ಟಿದ್ದ. ಒಂದು ದಿನ ತಮ್ಮನ ಮಗ ದೂರದ ಕೆಲಸಕ್ಕೆ ಹೊರಟವನು ಎದುರಿಗೆ ಬಂದು ತಲೆ ಬಾಗಿಸಿದ. ಬಾಗಿದ ತಲೆ ಕಂಡರೆ ಹಿರಿಯರ ಕೈ ತಾನಾಗಿ ಮೇಲೆ ಹೋಗುತ್ತದೆ. ಆ ಬೆಟ್ಟದ ಹಟ್ಟಿಗಳಲ್ಲಿ ಅದು ಉಸಿರಾಡಿದ ಹಾಗೆ. ಕೈ ಇಟ್ಟ ಮೇಲೆ ಹರಸಬೇಕು. ಹರಸತೊಡಗಿದ ಮೇಲೆ ನಡುವೆ ನಿಲ್ಲಿಸುವ ಹಾಗಿಲ್ಲ, ಅರ್ಧ ಹರಸಿದರೆ ಶಾಪಕ್ಕಿಂತ ಕೇಡು. ನಂಜಪ್ಪನ ಹರಕೆಯೋ, ಸುತ್ತಲ ನಾಲ್ಕು ಹಟ್ಟಿಯಲ್ಲೇ ಉದ್ದದ್ದು. ಅವನು ಅದನ್ನು ಮುಗಿಸುವ ಹೊತ್ತಿಗೆ ಎರಡು ವರ್ಷದ ಜಗಳ ಎಲ್ಲಿತ್ತು ಎಂದು ಅವನಿಗೇ ಸಿಗಲಿಲ್ಲ.

ಮಹಾಲಿಂಗಮ್ಮ ಬಿಸಿ ಗಡ್ಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಕೂತಳು. ಕೈಯ ಮಾತಾಯಿತು. ಕಾಡಿನ ಅಂಚು? ಹರಸಿದ ಮಾತ್ರಕ್ಕೆ ಕಾಟಿ ದಾರಿ ಬಿಟ್ಟೀತೆ? ಜೊತೆಗೆ ಒಬ್ಬರು ಬೇಕೇ ಬೇಕು. ಆಗ ಅವಳಿಗೆ ಮೇಲಿನ ಮನೆಯ ಚಿನ್ನಮ್ಮಾಳ್ ನೆನಪಾದಳು. ಅವಳ ಮಗಳು ಕಾಳಿಯಮ್ಮ ಹಟ್ಟಿಯ ಸಣ್ಣ ಸ್ಕೂಲಿನಲ್ಲಿ ಐದು ಮುಗಿಸಿ ಒಂದು ವರ್ಷದಿಂದ ಎಮ್ಮೆ ಕಾಯುತ್ತಿದ್ದಳು. ಎಮ್ಮೆಗಳಿಗೆ ಲೆಕ್ಕದ ಮಗ್ಗಿ ಒಪ್ಪಿಸುತ್ತಾಳೆ ಎಂದು ಹಟ್ಟಿಯಲ್ಲಿ ನಗುತ್ತಿದ್ದರು. ಯಾಕೆ ಕಳಿಸಲಿಲ್ಲ ಎಂದರೆ ಚಿನ್ನಮ್ಮಾಳ್ ಹೇಳುತ್ತಿದ್ದುದೂ ಅದೇ ಮಾತು: ಸಣ್ಣ ಕೂಸು, ಜೊತೆ ಇಲ್ಲೆ. ಮಹಾಲಿಂಗಮ್ಮನೂ ನಂಜಿಯೂ ದೊಡ್ಡವರು, ಬೇಗ ನಡೆಯುವವರು, ಇನ್ನೊಂದು ವರ್ಷಕ್ಕೋ ಎರಡಕ್ಕೋ ಬಿಟ್ಟುಹೋಗುವವರು ಎಂದು ಯಾರೂ ಆ ಎರಡು ತುದಿಗಳನ್ನು ಸೇರಿಸಿರಲಿಲ್ಲ. ಎರಡು ಮನೆಯಲ್ಲೂ ಒಂದೇ ಕೊರತೆ. ಎರಡು ಮನೆಯೂ ಅದನ್ನು ಬಾಗಿಲು ಮುಚ್ಚಿಕೊಂಡು ಅನುಭವಿಸುತ್ತಿತ್ತು.

ಹೆತ್ತೆಗೆ ಒಂದೇ ಕೆಲಸ ಹೇಳಿದಳು: ಶುಕ್ರವಾರ ಚಿನ್ನಮ್ಮಾಳನ್ನೂ ಕಾಳಿಯಮ್ಮನನ್ನೂ ಕರೆದುಕೊಂಡು ಸ್ಕೂಲಿಗೆ ಬಾ. ನಂಜಿಗೂ ಒಂದೇ ಕೆಲಸ ಹೇಳಿದಳು: ಪಡೆದೆ ಅಂದ ಮೇಲೆ ನೇರವಾಗಿ ಅಪ್ಪನ ಮುಂದೆ ಹೋಗಿ ತಲೆ ಬಾಗಿಸು, ಏನೂ ಕೇಳಬೇಡ.

ಶುಕ್ರವಾರ ಬೆಳಿಗ್ಗೆ ಹೆತ್ತೆ ಇಬ್ಬರನ್ನಲ್ಲ, ಏಳು ಹೆಂಗಸರನ್ನು ಕರೆದುಕೊಂಡು ಬಂದಳು. ತಲೆಗೆ ಬಿಳಿಯ ವಸ್ತ್ರ ಬಿಗಿದು, ಬಿಳಿಯ ಮುಂಡು ಉಟ್ಟು, ಸಾಲಾಗಿ ಬಂದು ಸ್ಕೂಲ್ ಹಾಲ್‌ನ ಕೊನೆಯ ಬೆಂಚುಗಳಲ್ಲಿ ಕೂತರು. ಮುಂದಿನ ಸಾಲಿನಲ್ಲಿ ಹಟ್ಟಿಗಳ ಹಿರಿಯರು. ಅವರ ನಡುವೆ ನಂಜಪ್ಪ, ತಲೆಗೆ ಹೊಸದಾಗಿ ಒಗೆದ ರುಮಾಲು, ಹೊದಿಕೆಯ ಮಡಿಕೆಯಲ್ಲಿ ನಾಲ್ಕಾಗಿ ಮಡಚಿದ ಅರ್ಜಿ.

ದೇವ ಉಯಿಲು ಓದಿದ. ಕೋರ್ಟಿನ ತಮಿಳಿನಲ್ಲಿ, ‘ಸ್ವಸ್ಥ ಚಿತ್ತದಿಂದಲೂ ಅಸ್ವಸ್ಥ ಮಾರ್ಕುಗಳಿಂದಲೂ’ ಎಂದು ಶುರುವಾಯಿತು. ಒಬ್ಬನ ಮೂರು ಕೂದಲಿನ ಮೀಸೆ ಹತ್ತನೇ ಕ್ಲಾಸಿನ ಜೋಗಿಗೆ ಹೋಯಿತು. ಇನ್ನೊಬ್ಬನ, ಹೆಡ್‌ಮಾಸ್ಟರ ಬೂಟಿನ ಸದ್ದನ್ನು ಮೂರು ಕೋಣೆ ಆಚೆಯಿಂದಲೇ ಗುರುತಿಸುವ ಕಿವಿ ಒಂಬತ್ತನೆಯದಕ್ಕೆ ಹೋಯಿತು. ಹುಡುಗರು ಬೆಂಚು ಬಡಿದು ನಕ್ಕರು. ಹಿರಿಯರು ಗೌರವಕ್ಕೆ ನಕ್ಕರು. ಹಿಂದಿನ ಬೆಂಚಿನ ಹೆಂಗಸರು, ಅಂಚೆಯಲ್ಲಿ ಬಂದ ಕಾಗದವನ್ನು ಬೇರೆಯವರು ಓದುವಾಗ ಕೂರುವ ಹಾಗೆ, ಮುಖ ಒಪ್ಪವಾಗಿ ಇಟ್ಟುಕೊಂಡು ಕೂತಿದ್ದರು.

ಮಹಾಲಿಂಗಮ್ಮನ ಹೆಸರು ಕರೆದರು. ಅವಳು ಕೊಡೆ ಹಿಡಿದು ಮೇಜಿನ ಹಿಂದೆ ಹೋಗಿ ನಿಂತಳು. ಎರಡು ದಿನ ತಿದ್ದಿ ತಿದ್ದಿ ಬರೆದ ತಮಿಳಿನ ಕಾಗದ ಕೈಯಲ್ಲಿತ್ತು. ತಲೆಯೆತ್ತಿ ನೋಡಿದಾಗ ಕೊನೆಯ ಬೆಂಚಿನಲ್ಲಿ ಚಿನ್ನಮ್ಮಾಳ್ ಕಂಡಳು, ಏನೂ ತಿಳಿಯದೆ ನಗಲು ಸಿದ್ಧವಾಗಿ ಕೂತವಳು. ಈ ಕಾಗದ ಅವಳವರೆಗೆ ತಲುಪುವುದಿಲ್ಲ ಎಂದು ಮಹಾಲಿಂಗಮ್ಮನಿಗೆ ಹೊಳೆಯಿತು. ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು. ಆರನೇ ಕ್ಲಾಸಿನಲ್ಲಿ ಬಾಯಿತಪ್ಪಿ ಬಂದ ಮಾತು ಈಗ ಬೇಕೆಂದೇ ಬಂತು.

“ಎನ್ನ ಆಸ್ತಿ ಈ ಕೊಡೆ. ತೇಪೆ ಹದಿನಾಲ್ಕು. ಹೊರಗೆ ಮಳೆ ನಿಂತರೂ ಇದರೊಳಗೆ ಇನ್ನೂ ಅರ್ಧ ಮೈಲಿ ಮಳೆ ಬರುವುದು.”

ಹುಡುಗರ ಕಡೆಯಿಂದ ಒಂದು ಕಿಸಕ್ ಸದ್ದು ಬಂತು. ಆದರೆ ಅದಕ್ಕಿಂತ ಮುಂಚೆ ಕೊನೆಯ ಬೆಂಚಿನಿಂದ ಏಳು ಹೆಂಗಸರ ನಗು ಹಾಲಿನ ಉದ್ದಕ್ಕೂ ಉರುಳಿ ಬಂದು ಆ ಸದ್ದನ್ನು ಮುಚ್ಚಿಬಿಟ್ಟಿತು. ಹುಡುಗರು ತಿರುಗಿ ನೋಡಿದರು. ಕೆಲವರಿಗೆ ಅಲ್ಲಿ ತಮ್ಮ ತಾಯಿಯ ವಯಸ್ಸಿನ ಮುಖಗಳು ಕಂಡಿರಬೇಕು. ಮತ್ತೆ ಯಾರೂ ಕಿಸಕ್ ಅನ್ನಲಿಲ್ಲ.

ಅಲ್ಲಿಂದ ಮುಂದೆ ಅವಳಿಗೆ ಹೆದರಿಕೆಯಾಗಲಿಲ್ಲ. ಮೂರನೇ ತೇಪೆ ತಿರುವಿನ ಗಾಳಿಯದು ಎಂದಳು. ಏಳನೆಯದು ಎಸ್ಟೇಟಿನ ನಾಯಿಯ ಮುಖಕ್ಕೆ ಕೊಡೆ ಬಿಚ್ಚಿದಾಗ ಆದದ್ದು, ನಾಯಿ ಈಗಲೂ ಮಳೆ ಬಂದರೆ ಓಡುತ್ತದೆ. ಹತ್ತನೆಯದು ರಂಗನಾಥನ್ ಸಾರ್ ಒಂದು ಮಧ್ಯಾಹ್ನ ಎರವಲು ಪಡೆದು ವಾಪಸು ಕೊಟ್ಟಾಗ ಇದ್ದ ತೂತಿನದು, ಸಾರ್ ಒಪ್ಪಿಕೊಂಡಿಲ್ಲ. ಬಡಗ ಮಾತು ಅರ್ಧಂಬರ್ಧ ತಿಳಿಯುತ್ತಿದ್ದ ರಂಗನಾಥನ್ ತಮ್ಮ ಹೆಸರು ಕೇಳಿ ಬೆಚ್ಚಿ, ಪಕ್ಕದವರಿಂದ ಅರ್ಥ ತಿಳಿದು, ಕೈ ಎತ್ತಿ ಒಪ್ಪಿಕೊಂಡರು. ಇಡೀ ಹಾಲ್ ಗದ್ದಲವಾಯಿತು. ಗದ್ದಲ ಇಳಿಯುವ ತನಕ ಅವಳು ಕಾದಳು.

“ದೇವಣ್ಣ ಎನಗೆ ಇನ್ನೊಂದು ಆಸ್ತಿಯನ್ನೂ ಬರೆದಿದ್ದ. ಬಾಯಿ ತೆರೆಯದೆ ಕೂರುವ ವಿದ್ಯೆ. ಕಟ್ಟಳೆ ತಪ್ಪಿದರೂ ಅದನ್ನು ಅವನಿಗೇ ಬಿಟ್ಟುಹೋಗುವೆ. ಅವನಿಗೆ ಅದು ಬಹಳ ಬೇಕಾಗಿರುವುದು.”

ಇಪ್ಪತ್ತೊಂದು ಹುಡುಗರು ದೇವನ ಬೆನ್ನು ಗುದ್ದಿದರು. ದೇವ ಕಿವಿಯವರೆಗೆ ಕೆಂಪಾಗಿ, ಆದರೂ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು, ಪಡೆದೆ ಅಂದ. ಅವನ ಮೇಲೆ ಅವಳಿಗಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು.

ಆಮೇಲೆ ಅವಳ ಧ್ವನಿ ಸ್ವಲ್ಪ ತಗ್ಗಿತು. ಈ ಕೊಡೆಗೆ ಒಂದು ಕಟ್ಟು ಉಂಟು ಎಂದಳು. ಇದು ಯಾವತ್ತೂ ಒಬ್ಬರ ಕೊಡೆ ಅಲ್ಲ. ಮುಂದೆ ಒಬ್ಬಳು, ಹಿಂದೆ ಒಬ್ಬಳು. ಹಾಗಲ್ಲದೆ ಇದು ಬಿಚ್ಚುವುದಿಲ್ಲ. ಇಷ್ಟು ವರ್ಷ ಹಿಂದೆ ನಡೆದ ನಂಜಿ ಇನ್ನು ಮುಂದೆ ನಡೆಯುವಳು. ಹಿಡಿ ಅವಳಿಗೆ. ಹೂವಿನ ತೇಪೆಯ ಕೆಳಗಿನ ಜಾಗ, ಎಮ್ಮೆಗಳಿಗೆ ಮಗ್ಗಿ ಕಲಿಸಿದ ಕಾಳಿಯಮ್ಮನಿಗೆ. ಎಮ್ಮೆಗಳು ಕಲಿತದ್ದು ಸಾಕು.

ಒಬ್ಬ ಹುಡುಗ ಎದ್ದು, ಕಾಳಿಯಮ್ಮ ಈ ಸ್ಕೂಲಿನವಳೇ ಅಲ್ಲ, ಅವಳಿಗೆ ಹೇಗೆ ಬಿಟ್ಟುಹೋಗುವುದು ಎಂದು ತಕರಾರು ತೆಗೆದ. ಎಲ್ಲರೂ ರಂಗನಾಥನ್ ಮುಖ ನೋಡಿದರು. ಅವರು ಮೊಣಕಾಲ ಮೇಲಿದ್ದ ನೋಟ್‌ಬುಕ್ಕನ್ನು ಬಿಚ್ಚದೆಯೇ ಅದರ ಮೇಲೆ ಬೆರಳಿಟ್ಟು, ಜೂನಿನಲ್ಲಿ ಸೇರುವವರಿಗೆ ಮಾರ್ಚಿನಲ್ಲಿ ಬಿಟ್ಟುಹೋಗಬಹುದು, ಹದಿನೇಳನೇ ಕಟ್ಟಳೆ ಎಂದು ತೀರ್ಪು ಕೊಟ್ಟರು. ಕಟ್ಟಳೆಗಳು ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರೂ ಅಡ್ಡ ಮಾತಾಡಲಿಲ್ಲ.

ಕೊನೆಯ ಬೆಂಚಿನಲ್ಲಿ ಚಿನ್ನಮ್ಮಾಳ್ ಮಗಳ ಬೆನ್ನಿಗೆ ಕೈಯಿಟ್ಟು ಒಂದು ನೂಕು ನೂಕಿದಳು. “ಹೋಗು ಕೂಸೇ. ಜೊತೆ ಬಂತಲ್ಲ,” ಅಂದಳು. ಅಷ್ಟು ಸಣ್ಣ ಮಾತು. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ನಂಜಪ್ಪನ ತಲೆ ಹಿಂದಕ್ಕೆ ತಿರುಗಿದ್ದನ್ನು ಮಹಾಲಿಂಗಮ್ಮ ನೋಡಿದಳು.

ಇಬ್ಬರು ಹುಡುಗಿಯರೂ ಬಂದು ಪಡೆದೆ ಅಂದರು. ಕಾಳಿಯಮ್ಮ ಖುಷಿಗೆ ಎರಡು ಸಲ ಅಂದಳು. ನಂಜಿ ಕೊಡೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ವೇದಿಕೆಯ ಮೆಟ್ಟಿಲಿಳಿದು, ಹೇಳಿಕೊಟ್ಟ ಹಾಗೆಯೇ, ತಂದೆಯ ಎದುರಿಗೆ ಹೋಗಿ ತಲೆ ಬಾಗಿಸಿ ನಿಂತಳು.

ನಂಜಪ್ಪನ ಒಂದು ಕೈ ಹೊದಿಕೆಯ ಮಡಿಕೆಯೊಳಗೆ ಅರ್ಜಿಯ ಮೇಲಿತ್ತು. ಇನ್ನೊಂದು ಕೈ ಆಗಲೇ ಮೇಲೆ ಹೋಗಿತ್ತು. ಮಗಳ ತಲೆ ಮುಟ್ಟಿದ ಮೇಲೆ ಆ ಕೈಗೆ ಒಂದು ಮಾತಷ್ಟೇ ಗೊತ್ತಿತ್ತು. ಅವರು ಕಣ್ಣು ಮುಚ್ಚಿದರು.

“ಒಂದು ಹೋಗಿ ಸಾವಿರ ಆಗಲಿ. ಒಳ್ಳಿತು ಬರಲಿ, ಹೊಲ್ಲದು ಹೋಗಲಿ. ಕಲ್ಲು ತುಳಿದರೆ ಕಲ್ಲು ಮೆತ್ತಗಾಗಲಿ. ಮುಳ್ಳು ತುಳಿದರೆ ಮುಳ್ಳು ಮುರಿಯಲಿ. ಏರಿದ ಬೆಟ್ಟದ ತುದಿ ಕಾಣಲಿ. ತೊಡಗಿದ್ದು—”

ಅಲ್ಲಿ ನಿಂತಿತು. ನಂಜಪ್ಪ ಕಣ್ಣು ತೆರೆದರು. ಸಾವಿರ ತಲೆಗಳ ಮೇಲೆ ಕೈಯಿಟ್ಟು ಹೇಳಿದ್ದ ಸಾಲು ಅದು. ಅದರ ಉಳಿದ ಭಾಗ ಏನೆಂದು ಇಡೀ ಮುಂದಿನ ಸಾಲಿಗೆ ಗೊತ್ತಿತ್ತು. ಅವರು ಮೇಜಿನ ಹಿಂದೆ ನಿಂತಿದ್ದ ಮಹಾಲಿಂಗಮ್ಮನ ಕಡೆ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಆರು ವರ್ಷ ಎಲ್ಲರ ಮುಂದೆ ತಗ್ಗಿಸಿದ್ದ ಕಣ್ಣು, ಇವತ್ತು ತಗ್ಗಿಸಿದರೆ ಎಲ್ಲ ಹೋಯಿತು ಎಂದು ಅವಳಿಗೆ ಗೊತ್ತಿತ್ತು. ಹರಕೆಯನ್ನು ಅರ್ಧಕ್ಕೆ ಬಿಟ್ಟ ಹಿರಿಯನನ್ನು ಆ ಬೆಟ್ಟ ಇನ್ನೂ ಕಂಡಿರಲಿಲ್ಲ.

“ತೊಡಗಿದ್ದು ನಡುವೆ ನಿಲ್ಲದಿರಲಿ,” ಅಂದರು ನಂಜಪ್ಪ. ಧ್ವನಿ ಮೊದಲಿಗಿಂತ ಮೆಲ್ಲಗಿತ್ತು. “ಹಿಡಿದದ್ದು ಕೈ ಬಿಡದಿರಲಿ.”

ಅಲ್ಲಿಂದ ಮುಂದೆ ಅವರು ತಮ್ಮ ಎಂದಿನ ಹರಕೆಯನ್ನು ಪೂರ್ತಿಯಾಗಿ, ಹಸು ಎಮ್ಮೆಗಳಿಂದ ಹಿಡಿದು ಮೊಮ್ಮಕ್ಕಳ ಮೊಮ್ಮಕ್ಕಳ ತನಕ, ಒಂದು ಸಾಲೂ ಬಿಡದೆ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ಬೆನ್ನು ನೆಟ್ಟಗಾಯಿತು. ಕಾಳಿಯಮ್ಮನೂ ಬಂದು ಪಕ್ಕದಲ್ಲಿ ತಲೆ ಬಾಗಿಸಿದ್ದಳು. ಅರ್ಜಿಯ ಮೇಲಿದ್ದ ಕೈಯನ್ನೂ ಹೊರಗೆ ತೆಗೆದು ಅವಳ ತಲೆಯ ಮೇಲಿಟ್ಟರು. ಮುಗಿದಾಗ ರಂಗನಾಥನ್ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಹಾಲಿನ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದಾಯಿತು.

ಕೂಟ ಮುಗಿದ ಮೇಲೆ ನಂಜಪ್ಪ ಆಫೀಸಿನ ಕಡೆಗೆ ಹೋಗಲಿಲ್ಲ. ಮಹಾಲಿಂಗಮ್ಮನ ಹತ್ತಿರ ಬಂದು ನಿಂತರು. ಅವಳು ತಲೆ ಬಾಗಿಸಲು ಹೋದಾಗ ಒಂದು ಹೆಜ್ಜೆ ಹಿಂದೆ ಸರಿದರು.

“ಬೇಡ ಕೂಸೇ. ಇನ್ನು ಎನ್ನಿಂದ ಏನೇನು ಹೇಳಿಸುವೆಯೋ,” ಅಂದರು. ಆದರೆ ಕೈ ಆಗಲೇ ಅವಳ ತಲೆಯ ಮೇಲಿತ್ತು.

ಹಿಂದಿನಿಂದ ಹೆತ್ತೆ ಯಾರಿಗೂ ಅಲ್ಲ ಎಂಬ ಹಾಗೆ, ಉರುಳಗಡ್ಡೆ ಬೇಯುವ ಹೊತ್ತಾಯಿತು, ನಡೆಯಿರಿ ಎಂದಳು.

ಜೂನ್ ತಿಂಗಳು ಬಂತು. ಮಹಾಲಿಂಗಮ್ಮ ಪಾಸಾಗಿದ್ದಳು, ಟೀಚರ್ ಟ್ರೈನಿಂಗಿನ ಕಾಗದಕ್ಕೆ ಕಾಯುತ್ತಾ, ಬೆಳಗಿನ ಹೊತ್ತು ತಂದೆಯ ತೋಟದಲ್ಲಿ ಟೀ ಸೊಪ್ಪು ಕೊಯ್ಯುತ್ತಿದ್ದಳು. ಸ್ಕೂಲು ತೆರೆಯುವ ದಿನ ಮಳೆ ಹಿಡಿದಿತ್ತು. ಕೆಳಗಿನ ದಾರಿಯಲ್ಲಿ ಮೊದಲು ಕೊಡೆ ಕಂಡಿತು, ಆಮೇಲೆ ಮಂಜಿನಿಂದ ಕಾಲುಗಳು. ಮುಂದೆ ನಂಜಿ. ಹೂವಿನ ತೇಪೆಯ ಕೆಳಗೆ ಕಾಳಿಯಮ್ಮ. ಅವಳ ಹಿಂದೆ, ಕೊಡೆ ತಲುಪದ ಜಾಗದಲ್ಲಿ ಗೋಣಿಚೀಲವನ್ನು ತಲೆಗೆ ಕವುಚಿಕೊಂಡು, ಕೆಳಗಿನ ಮನೆಯ ಕಮಲಂ ಓಡುನಡಿಗೆಯಲ್ಲಿ ಬರುತ್ತಿದ್ದಳು. ಕಮಲಂಗೆ ಯಾರೂ ಏನನ್ನೂ ಬಿಟ್ಟುಹೋಗಿರಲಿಲ್ಲ. ಅವಳು ತಾನಾಗಿಯೇ ಪಡೆದುಕೊಂಡಿದ್ದಳು.

ತಿರುವಿನಲ್ಲಿ ಗಾಳಿ ಕೊಡೆಯನ್ನು ಓರೆ ಮಾಡಿದಾಗ ಮಹಾಲಿಂಗಮ್ಮನಿಗೆ ಅದರ ಇನ್ನೊಂದು ಮಗ್ಗುಲು ಕಂಡಿತು. ಕರಿಯ ಬಟ್ಟೆಯ ನಡುವೆ ಹೊಸದೊಂದು ತೇಪೆ, ಹದಿನೈದನೆಯದು, ಒಗೆದು ಒಗೆದು ಬೆಳ್ಳಗಾದ ಬಟ್ಟೆ. ಗಂಡಸರ ಕೈಯ ದೊಡ್ಡ ದೊಡ್ಡ ಹೊಲಿಗೆ. ನಂಜಪ್ಪ ದೊಡ್ಡಪ್ಪನ ರುಮಾಲಿನ ಅಂಚು ಅದು.

ಅವಳು ಬುಟ್ಟಿ ಇಳಿಸಿ, ಟೀ ಗಿಡಗಳ ನಡುವೆ ನೆಟ್ಟಗೆ ನಿಂತು, ಕೆಳಗಿನ ದಾರಿಗೆ ಕೇಳುವ ಹಾಗೆ ಮನೆಯ ಮಾತಿನಲ್ಲಿ ಗಟ್ಟಿಯಾಗಿ ಕೂಗಿದಳು, ಬೇಗ ನಡೆಯಿರಿ, ಗಂಟೆ ಹೊಡೆಯುವುದು ಎಂದು. ಕೊಡೆಯ ಕಡೆಯಿಂದ ಮೂರು ದನಿಗಳು ಒಟ್ಟಿಗೆ ಓಗೊಟ್ಟವು.